ಒಳಗುಟ್ಟು ಎಷ್ಟು, ವಿವರಣೆ ಎಷ್ಟು?

ಮಿಕ್ಸಿ ಕೊಂಡವರಿಗೆ ಅದರ ಮೋಟಾರಿನೊಳಗೆ ತಂತಿ ಸುತ್ತಿದ ಬಗೆ ತಿಳಿಯಬೇಕಾಗಿಲ್ಲ. ಎಷ್ಟು ತುಂಬಬಹುದು, ಎಷ್ಟು ಹೊತ್ತು ಓಡಿಸಬಹುದು ಎಂಬುದು ಮಾತ್ರ ತಿಳಿದಿರಲೇಬೇಕು. ಗಣಕಯಂತ್ರದ ಲೋಕಕ್ಕೆ ಈ ಪ್ರಶ್ನೆ ಎದುರಾದದ್ದು ಅದರ ಬಾಲ್ಯದಲ್ಲೇ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ‘ಎಡ್‌ಸ್ಯಾಕ್’ ಯಂತ್ರ 1949ರ ಮೇ 6ರಂದು ಮೊದಲ ಲೆಕ್ಕ ಮಾಡಿತು. ವರ್ಗಮೂಲ, ತ್ರಿಕೋನಮಿತಿ, ಮುದ್ರಣ ಮುಂತಾಗಿ ಮತ್ತೆ ಮತ್ತೆ ಬೇಕಾಗುವ ಕೆಲಸಗಳ ಆದೇಶಗಳನ್ನು ಕಾಗದದ ಪಟ್ಟಿಗಳಲ್ಲಿ ರಂಧ್ರ ಹೊಡೆದು ಕೂಡಿಡಲಾಯಿತು. 1951ರ ವೇಳೆಗೆ ಈ ಭಂಡಾರದಲ್ಲಿ ಇಂಥ 87 ‘ಸಬ್‌ರೂಟೀನ್’ಗಳಿದ್ದವು. ಆದರೆ ಬರೆದವರಲ್ಲದೆ ಬೇರೆಯವರೂ ಅವನ್ನು ಬಳಸುವುದು ಹೇಗೆ?

ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಅದೇ ವರ್ಷ ಪ್ರಕಟಿಸಿದ ಪುಸ್ತಕದಲ್ಲಿ ಉತ್ತರವಿತ್ತು. ಪ್ರತಿಯೊಂದು ಏನು ಮಾಡುತ್ತದೆ, ಯಂತ್ರದ ನೆನಪಿನಲ್ಲಿ ಎಷ್ಟು ಜಾಗ ಹಿಡಿಯುತ್ತದೆ, ಎಷ್ಟು ಸಮಯ ಬೇಕು ಎಂಬ ವಿವರ ಒಂದು ಭಾಗದಲ್ಲಿ. ಆಯ್ದ ಕೆಲವುಗಳ ಒಳಗಿನ ಆದೇಶಗಳು ಇನ್ನೊಂದು ಭಾಗದಲ್ಲಿ. ಸಬ್‌ರೂಟೀನ್ ಬರೆದು ಪರೀಕ್ಷಿಸಿದ ಮೇಲೂ, ಒಳಗನ್ನು ಅರಿಯದವರಿಗೆ ಅರ್ಥವಾಗುವಂತೆ ವಿವರಿಸುವುದೇ ಪ್ರಾಯಶಃ ಅತಿ ಕಠಿಣ ಕೆಲಸವೆಂದು 1952ರಲ್ಲಿ ವೀಲರ್ ಹೇಳಿದರು.

1972ರಲ್ಲಿ ಡೇವಿಡ್ ಪಾರ್ನಾಸ್ ಇದಕ್ಕೊಂದು ಅಳತೆಗೋಲು ಕೊಟ್ಟರು: ಬಳಸಲು ಬೇಕಾದುದೆಲ್ಲ ಇರಬೇಕು, ಅದಕ್ಕಿಂತ ಹೆಚ್ಚು ಇರಕೂಡದು. ವಿವರಣೆ ಕಡಿಮೆಯಾದರೆ ಬಳಸುವವರು ಒಳಗೆ ಇಣುಕುತ್ತಾರೆ. ಹೆಚ್ಚಾದರೆ ಒಳಗುಟ್ಟನ್ನೇ ನೆಚ್ಚುತ್ತಾರೆ. ಎರಡರಲ್ಲೂ ಫಲ ಒಂದೇ. ನಾಳೆ ಒಳಗಿನದನ್ನು ತಿದ್ದಿ ಉತ್ತಮಪಡಿಸಹೊರಟರೆ, ಅದನ್ನು ನೆಚ್ಚಿದವರ ಕೆಲಸವೆಲ್ಲ ಕೆಡುತ್ತದೆ.