ಎಚ್‌-1ಬಿ ವೀಸಾ ನವೀಕರಣ: ನೆರೆರಾಷ್ಟ್ರದ ದಾರಿ ಮುಚ್ಚಿದ ಮೇಲೆ

ಹೊರನಾಡಿನ ನಮ್ಮ ಕನ್ನಡ ಕುಟುಂಬಗಳಲ್ಲಿ ಮಗನೋ ಮಗಳೋ ಅಳಿಯನೋ ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಮನೆಗಳು ಹಲವು. ಮದುವೆ, ಉಪನಯನ, ಹಿರಿಯರ ಷಷ್ಟ್ಯಬ್ದಿ ಮುಂತಾದ ಸಂದರ್ಭಗಳಲ್ಲಿ ಅಲ್ಲಿಂದ ಬರುವ ಒಂದು ಉತ್ತರ ಈ ಮನೆಗಳಿಗೆ ಪರಿಚಿತ: "ಸ್ಟ್ಯಾಂಪಿಂಗ್ ಆಗಿಲ್ಲ, ಈಗ ಬರುವುದು ಕಷ್ಟ." ಕೆಲಸಕ್ಕೆ ಅನುಮತಿ ಇರುವವರಿಗೆ ಊರಿಗೆ ಬಂದು ಹೋಗಲು ಅಡ್ಡಿಯೇನು ಎಂಬ ಪ್ರಶ್ನೆ ಹಿರಿಯರಲ್ಲಿ ಏಳುವುದು ಸಹಜ. ಕೆಲವೊಮ್ಮೆ ಅದು ನೆಪವೆಂದೂ ತೋರಬಹುದು. ಅದು ನೆಪವಲ್ಲವೆಂಬುದನ್ನು ತಿಳಿಯಲು, ಈ ನವೀಕರಣದ ಕ್ರಮ ಹೇಗಿತ್ತು, ಈಗ ಹೇಗಾಗಿದೆ ಎಂಬುದನ್ನು ಅರಿಯುವುದು ಅಗತ್ಯ.

ಮುದ್ರೆ ಬೇರೆ, ವಾಸದ ಅನುಮತಿ ಬೇರೆ

ಎಚ್‌-1ಬಿ ಎಂಬುದು ವಿಶೇಷ ಪರಿಣತಿಯ ಉದ್ಯೋಗಗಳಿಗೆ ಅಮೆರಿಕ ನೀಡುವ ತಾತ್ಕಾಲಿಕ ವೀಸಾ. ಉದ್ಯೋಗ ನೀಡುವ ಸಂಸ್ಥೆ ಮೊದಲು ಅಲ್ಲಿನ ವಲಸೆ ಇಲಾಖೆಗೆ ಮನವಿ ಸಲ್ಲಿಸಬೇಕು. ಮನವಿ ಒಪ್ಪಿಗೆಯಾದರೆ ಐ-797 ಎಂಬ ಅಂಗೀಕಾರ ಪತ್ರ ದೊರೆಯುತ್ತದೆ. ಒಮ್ಮೆಗೆ ಗರಿಷ್ಠ 3 ವರ್ಷ, ಸಾಮಾನ್ಯವಾಗಿ ಒಟ್ಟು 6 ವರ್ಷ ಇದರ ಮಿತಿ. ಗ್ರೀನ್ ಕಾರ್ಡಿನ ಸರದಿಯಲ್ಲಿರುವವರಿಗೆ 2000ರ ಒಂದು ಕಾಯಿದೆಯಂತೆ ಈ ಮಿತಿಯ ನಂತರವೂ ವಿಸ್ತರಣೆ ಸಿಗುತ್ತದೆ. ಭಾರತೀಯರ ಸರದಿ ಬಹಳ ಉದ್ದವಾದ್ದರಿಂದ ನಮ್ಮವರಲ್ಲಿ ಅನೇಕರು ವರ್ಷಗಟ್ಟಲೆ ವಿಸ್ತರಣೆಯ ಮೇಲೆ ವಿಸ್ತರಣೆ ಪಡೆಯುತ್ತಲೇ ಇರಬೇಕಾಗುತ್ತದೆ.

ಇದು ಒಳಗೆ ಇರುವ ಅನುಮತಿ. ಇದರ ಗಡುವನ್ನು ಐ-94 ಎಂಬ ಪ್ರವೇಶ ದಾಖಲೆ ತೋರಿಸುತ್ತದೆ. ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ ಮುದ್ರೆಯದು ಬೇರೆಯೇ ಕೆಲಸ. ಗಡಿಯ ಬಾಗಿಲಿಗೆ ಬಂದು ಪ್ರವೇಶ ಕೋರಲು ಮಾತ್ರ ಅದು ಬೇಕು. ಒಳಗಿರುವವನ ಮುದ್ರೆ ಮುಗಿದರೂ ವಾಸಕ್ಕೆ, ಕೆಲಸಕ್ಕೆ ಬಾಧೆಯಿಲ್ಲ. ಆದರೆ ಒಮ್ಮೆ ಹೊರಗೆ ಬಂದರೆ ಹೊಸ ಮುದ್ರೆಯಿಲ್ಲದೆ ಹಿಂದಿರುಗಲಾಗದು. ಅನುಮತಿಯ ವಿಸ್ತರಣೆ ಅಮೆರಿಕದ ಒಳಗೇ ಆಗುತ್ತದೆ. ಮುದ್ರೆಯನ್ನು ಮಾತ್ರ ಹೊರದೇಶದಲ್ಲಿರುವ ಅಮೆರಿಕದ ಕಾನ್ಸುಲೇಟಿನಲ್ಲಿಯೇ ಪಡೆಯಬೇಕು. ಎಲ್ಲ ತೊಡಕಿನ ಮೂಲ ಇಲ್ಲಿದೆ.

ನೆರೆಯ ದಾರಿ ಹುಟ್ಟಿದ ಬಗೆ

ಹಿಂದೆ ಹೀಗಿರಲಿಲ್ಲ. ಉದ್ಯೋಗ ವೀಸಾ ಹೊಂದಿದವರು ಪಾಸ್‌ಪೋರ್ಟನ್ನು ಅಮೆರಿಕದ ವಿದೇಶಾಂಗ ಇಲಾಖೆಗೆ ಅಂಚೆಯಲ್ಲಿ ಕಳುಹಿಸಿ, ದೇಶ ಬಿಡದೆಯೇ ಮುದ್ರೆ ನವೀಕರಿಸಿಕೊಳ್ಳಬಹುದಿತ್ತು. 2002ರ ಗಡಿ ಭದ್ರತಾ ಕಾಯಿದೆ ವೀಸಾಗಳಲ್ಲಿ ಬೆರಳಚ್ಚಿನಂಥ ಗುರುತುಗಳನ್ನು ಕಡ್ಡಾಯಗೊಳಿಸಿತು. ಅಂಚೆಯಲ್ಲಿ ಬೆರಳಚ್ಚು ಪಡೆಯುವಂತಿರಲಿಲ್ಲ. ಹೀಗಾಗಿ 2004ರ ಜುಲೈ 16ರ ನಂತರ ಇಂಥ ಅರ್ಜಿಗಳ ಸ್ವೀಕಾರ ನಿಂತಿತು.

ಆಗ ಭಾರತದವರೆಗೆ ಬರಲು ರಜೆಯಿಲ್ಲದವರಿಗೆ ಉಳಿದದ್ದು ಕೆನಡಾ ಮತ್ತು ಮೆಕ್ಸಿಕೋ. ಟೊರಾಂಟೊ, ವ್ಯಾಂಕೂವರ್, ಕ್ಯಾಲ್ಗರಿ, ಒಟ್ಟಾವಾ ಒಂದು ಕಡೆ. ಟಿಹುವಾನಾ, ಸಿಯುದಾದ್ ಹ್ವಾರೆಸ್ ಮುಂತಾದ ಗಡಿನಗರಗಳು ಇನ್ನೊಂದು ಕಡೆ. ಅರ್ಜಿದಾರ ಭಾರತದ ಪ್ರಜೆ, ವಾಸ ಅಮೆರಿಕದಲ್ಲಿ, ಸಂದರ್ಶನ ಮೂರನೆಯ ದೇಶದಲ್ಲಿ. ಆದ್ದರಿಂದಲೇ ಇವರನ್ನು 'ಮೂರನೆಯ ದೇಶದ ಪ್ರಜೆ' ಎಂದು ಕಡತಗಳಲ್ಲಿ ಗುರುತಿಸುತ್ತಿದ್ದರು. ಎಲ್ಲ ಸರಿಯಾದರೆ ಕೆಲವೇ ದಿನಗಳಲ್ಲಿ ಪಾಸ್‌ಪೋರ್ಟ್ ಕೈಗೆ ಬರುತ್ತಿತ್ತು.

ಆ ದಾರಿಯ ಅಪಾಯ

ಎಲ್ಲ ಸರಿಯಾಗದಿದ್ದರೆ ಕಷ್ಟ ಗಂಭೀರವಾಗುತ್ತಿತ್ತು. ಅಧಿಕಾರಿಗೆ ಇನ್ನಷ್ಟು ಪರಿಶೀಲನೆ ಬೇಕೆನಿಸಿದರೆ ವಲಸೆ ಕಾಯಿದೆಯ 221(ಜಿ) ಕಲಮಿನಡಿ ಅರ್ಜಿಯನ್ನು ತಡೆಹಿಡಿಯುತ್ತಾರೆ. ಇದಕ್ಕೆ ವಾರಗಳೂ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲವೂ ಗಡಿಯ ಆಚೆ; ಅರ್ಜಿದಾರ ಮಾತ್ರ ಈಚೆ, ಪರಿಚಯವಿಲ್ಲದ ಊರಿನ ಹೋಟೆಲಿನಲ್ಲಿ.

2002ರ ಏಪ್ರಿಲ್ 1ಕ್ಕೆ ಮುಂಚೆ, ವೀಸಾ ನಿರಾಕರಿಸಲ್ಪಟ್ಟವರೂ 30 ದಿನಗಳೊಳಗೆ ಹಳೆಯ ಮುದ್ರೆ ಹಾಗೂ ಚಾಲ್ತಿಯಲ್ಲಿರುವ ಐ-94 ತೋರಿಸಿ ಮರಳಬಹುದಿತ್ತು. ಆ ದಿನದಿಂದ ನಿಯಮ ಬದಲಾಯಿತು. ನೆರೆರಾಷ್ಟ್ರದಲ್ಲಿ ಹೊಸ ವೀಸಾಕ್ಕೆ ಅರ್ಜಿ ಸಲ್ಲಿಸಿದವರಿಗೆ, ಅದು ಮಂಜೂರಾಗುವವರೆಗೆ ಈ ವಿನಾಯಿತಿ ಇಲ್ಲ. ತಡೆಗೆ ಸಿಲುಕಿದವರು ಅಲ್ಲಿಯೇ ಕಾಯಬೇಕು, ಇಲ್ಲವೇ ಭಾರತಕ್ಕೆ ಬರಬೇಕು. ಕೆನಡಾಕ್ಕೆ ಹೋಗಲು ಭಾರತೀಯರಿಗೆ ಆ ದೇಶದ ವೀಸಾ ಬೇರೆ ಬೇಕು.

ದಾರಿ ಮುಚ್ಚಿದ್ದು

2024ರಲ್ಲಿ ಒಂದು ಆಶಾಕಿರಣ ಕಂಡಿತು. ಹಿಂದೆ ಭಾರತದಲ್ಲಿ ಅಥವಾ ಕೆನಡಾದಲ್ಲಿ ನಿರ್ದಿಷ್ಟ ಅವಧಿಯೊಳಗೆ ಎಚ್‌-1ಬಿ ಮುದ್ರೆ ಪಡೆದ, ಗರಿಷ್ಠ 20,000 ಅರ್ಜಿದಾರರಿಗೆ ಅಮೆರಿಕದೊಳಗೇ ನವೀಕರಿಸುವ ಪ್ರಯೋಗ ಆ ವರ್ಷದ ಜನವರಿ 29ರಂದು ಆರಂಭವಾಯಿತು. ಪ್ರಯೋಗ ಮುಗಿದ ಮೇಲೆ ಅದು ಸ್ಥಿರ ವ್ಯವಸ್ಥೆಯಾಗಿ ಮುಂದುವರಿಯಲಿಲ್ಲ.

2025ರ ಸೆಪ್ಟೆಂಬರ್ 6ರಂದು ಅಮೆರಿಕದ ವಿದೇಶಾಂಗ ಇಲಾಖೆ ಹೊಸ ಸೂಚನೆ ಹೊರಡಿಸಿತು. ತಾತ್ಕಾಲಿಕ ವೀಸಾ ಕೋರುವವರು ತಾವು ಪ್ರಜೆಯಾಗಿರುವ ಅಥವಾ ವಾಸವಿರುವ ದೇಶದಲ್ಲಿಯೇ ಸಂದರ್ಶನಕ್ಕೆ ಹಾಜರಾಗಬೇಕು; ಬೇರೆಡೆ ಅರ್ಜಿ ಹಾಕಿದರೆ ವೀಸಾ ಸಿಗುವುದು ಕಷ್ಟವಾಗಬಹುದು, ಕಟ್ಟಿದ ಶುಲ್ಕವೂ ಮರಳದು. ಕೆನಡಾದಲ್ಲಿಯೇ ನೆಲೆಸಿರುವ ಭಾರತೀಯರಿಗೆ ಇದರಿಂದ ತೊಂದರೆಯಿಲ್ಲ. ಅಮೆರಿಕದಲ್ಲಿರುವ ನಮ್ಮವರಿಗೆ ಮಾತ್ರ ನೆರೆಯ ದಾರಿ ಬಹುಮಟ್ಟಿಗೆ ಮುಚ್ಚಿದಂತಾಯಿತು. ಉಳಿದದ್ದು ಭಾರತವೊಂದೇ.

ಉಳಿದಿರುವ ಸಣ್ಣ ವಿನಾಯಿತಿ

ವೀಸಾ ಕೋರದೆ, ಕಚೇರಿ ಕೆಲಸಕ್ಕೋ ಪ್ರವಾಸಕ್ಕೋ ಕೆನಡಾ ಅಥವಾ ಮೆಕ್ಸಿಕೋಗೆ ಮಾತ್ರ ಹೋಗಿ 30 ದಿನಗಳೊಳಗೆ ಮರಳುವವರಿಗೆ ಮೇಲೆ ಹೇಳಿದ ವಿನಾಯಿತಿ ಉಂಟು. ಹಳೆಯ ಮುದ್ರೆಯುಳ್ಳ ಪಾಸ್‌ಪೋರ್ಟ್, ಐ-94, ಅಂಗೀಕಾರ ಪತ್ರಗಳು ಜೊತೆಯಲ್ಲಿರಬೇಕು. ಭಾರತಕ್ಕೆ ಬಂದು ಹೋಗುವವರಿಗೆ ಇದು ಅನ್ವಯಿಸದು.

ಭಾರತದಲ್ಲಿ ನವೀಕರಣ

ಇಲ್ಲಿ ವೀಸಾ ಸಂದರ್ಶನಗಳು ದೆಹಲಿಯ ರಾಯಭಾರ ಕಚೇರಿಯಲ್ಲಿಯೂ ಮುಂಬಯಿ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳ ಕಾನ್ಸುಲೇಟುಗಳಲ್ಲಿಯೂ ನಡೆಯುತ್ತವೆ. ಬೆಂಗಳೂರಿನಲ್ಲಿ 2025ರ ಜನವರಿ 17ರಂದು ಕಾನ್ಸುಲೇಟ್ ಉದ್ಘಾಟನೆಯಾದರೂ ವೀಸಾ ಸೇವೆಯೊಂದಿಗೆ ಆರಂಭವಾಗಲಿಲ್ಲ. ಕರ್ನಾಟಕದ ಬಂಧುಗಳು ಚೆನ್ನೈ, ಹೈದರಾಬಾದುಗಳ ನಮ್ಮ ಮನೆಗಳಿಗೆ ಕಡತ ಹಿಡಿದು ಬರುವುದರ ಕಾರಣ ಇದೇ.

ಮೊದಲು ಡಿಎಸ್-160 ಎಂಬ ಅರ್ಜಿ, ನಂತರ ಶುಲ್ಕ, ಬೆರಳಚ್ಚು, ಕೊನೆಗೆ ಸಂದರ್ಶನ. ನವೀಕರಣದವರಿಗೆ ಸಂದರ್ಶನವಿಲ್ಲದೆ ಕಾಗದಪತ್ರಗಳನ್ನು ಪೆಟ್ಟಿಗೆಗೆ ಹಾಕಿ ಹೋಗುವ ಅನುಕೂಲವಿತ್ತು. 2025ರ ಸೆಪ್ಟೆಂಬರ್ 2ರಿಂದ ಎಚ್‌-1ಬಿಗೂ ಅವಲಂಬಿತರ ಎಚ್‌-4ಕ್ಕೂ ಅದು ತಪ್ಪಿತು. 14 ವರ್ಷದೊಳಗಿನ ಮಕ್ಕಳಿಗೂ ಸಾಮಾನ್ಯವಾಗಿ ಸಂದರ್ಶನ ಬೇಕಾಯಿತು. ಅದೇ ವರ್ಷದ ಡಿಸೆಂಬರ್ 15ರಿಂದ ಈ ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳ ಪರಿಶೀಲನೆ ಆರಂಭವಾಯಿತು. ಇದರ ಫಲವಾಗಿ ಡಿಸೆಂಬರಿನಲ್ಲಿ ನಿಗದಿಯಾಗಿದ್ದ ಅನೇಕ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಎರಡು ಮೂರು ವಾರದ ರಜೆಗೆಂದು ಬಂದವರು ಇಲ್ಲಿಯೇ ಉಳಿಯಬೇಕಾಯಿತು. ಕೆಲವರ ಮಡದಿ ಮಕ್ಕಳು ಅಲ್ಲಿ, ತಾವು ಇಲ್ಲಿ ಎಂಬ ಸ್ಥಿತಿಯೂ ಬಂದಿತು.

ಕುಟುಂಬದವರು ಗಮನಿಸಬೇಕಾದುದು

- ಬರುವವರ ಮುದ್ರೆ ಯಾವ ತಾರೀಖಿನವರೆಗಿದೆ ಎಂದು ಮೊದಲೇ ಕೇಳಿ ತಿಳಿಯಿರಿ. ಅದು ಚಾಲ್ತಿಯಲ್ಲಿದ್ದು, ಅವರ ಉದ್ಯೋಗವೂ ಅಂಗೀಕಾರ ಪತ್ರವೂ ಸರಿಯಾಗಿದ್ದರೆ ಹೊಸ ಮುದ್ರೆಯ ಪ್ರಶ್ನೆಯಿಲ್ಲ.
- ಮುದ್ರೆ ಮುಗಿದಿದ್ದರೆ ಸಂದರ್ಶನದ ದಿನ ಖಚಿತವಾಗುವ ಮುನ್ನ ವಿಮಾನದ ಟಿಕೆಟ್ ಕೊಳ್ಳಲು ಒತ್ತಾಯಿಸಬೇಡಿ. ಸಾಧ್ಯವಿದ್ದರೆ ಶುಭಕಾರ್ಯದ ಮುಹೂರ್ತವನ್ನು ಅದಕ್ಕೆ ಹೊಂದಿಸಿಕೊಳ್ಳಿ.
- ಗಂಡ, ಹೆಂಡತಿ, ಅಮೆರಿಕದ ಪ್ರಜೆಗಳಲ್ಲದ ಮಕ್ಕಳು ಪ್ರತಿಯೊಬ್ಬರಿಗೂ ಪ್ರತ್ಯೇಕ ಮುದ್ರೆ ಬೇಕು. ಒಬ್ಬರದು ಉಳಿದರೂ ಪ್ರಯಾಣ ಕೆಡುತ್ತದೆ.
- ಪಾಸ್‌ಪೋರ್ಟಿನ ಅವಧಿ ಸಮೀಪಿಸಿದ್ದರೆ ಮೊದಲು ಅದನ್ನು ನವೀಕರಿಸಲಿ. ಅವಧಿ ಕಡಿಮೆಯಿದ್ದರೆ ಐ-94ರ ಗಡುವೂ ಕಡಿಮೆಯಾಗಬಹುದು.
- ನಿಯಮಗಳು ಮತ್ತೆ ಬದಲಾಗಬಹುದು. ಹೊರಡುವ ಮುನ್ನ ಕಾನ್ಸುಲೇಟಿನ ಪ್ರಕಟಣೆಯನ್ನೂ ಸಂಸ್ಥೆಯ ವಕೀಲರ ಸಲಹೆಯನ್ನೂ ಕೇಳುವುದು ಕ್ಷೇಮ.

ತಂದೆತಾಯಿಯ ಅನಾರೋಗ್ಯದಂಥ ಸಂದರ್ಭದಲ್ಲಿ ಈ ಲೆಕ್ಕಾಚಾರಗಳು ನಿಲ್ಲವು. ಹಿಂದಿರುಗುವ ಮಾತು ಆಮೇಲೆ ಎಂದುಕೊಂಡು ಹೊರಟು ಬರುವ ಮಕ್ಕಳಿದ್ದಾರೆ. ತುರ್ತು ಸಂದರ್ಶನಕ್ಕೆ ಕೋರಿಕೆ ಸಲ್ಲಿಸುವ ಅವಕಾಶ ಇದೆಯಾದರೂ ಅದು ಒಪ್ಪಿಗೆಯಾಗುವ ಭರವಸೆಯಿಲ್ಲ. ಹಾಗೆ ಬಂದವರು ಮುದ್ರೆಗಾಗಿ ಕಾಯಬೇಕಾದಾಗ, ಅವರು ಪಣಕ್ಕಿಟ್ಟು ಬಂದದ್ದು ಏನೆಂಬ ಅರಿವು ಮನೆಯವರಿಗಿರಬೇಕು. ಬರಲಾಗದವರ ವಿಷಯದಲ್ಲಿಯೂ ಅದೇ ಅರಿವು ಇರಲಿ ಎಂಬುದು ನಮ್ಮ ಆಶಯ.