ಲವಂಗದ ದ್ವೀಪಗಳಲ್ಲಿ ಮತಗಳ ಲೆಕ್ಕ

ಒಂದು ಕಾಲದಲ್ಲಿ ಭಾರತದ ಬಂದರುಗಳಿಗೆ ಹಡಗೇರಿ ಬರುತ್ತಿದ್ದ ಲವಂಗದಲ್ಲಿ ದೊಡ್ಡ ಪಾಲು ಜಾಂಜಿಬಾರದ್ದಾಗಿದ್ದಿತು. ಆಫ್ರಿಕದ ಪೂರ್ವ ಕರಾವಳಿಯ ಸಮೀಪದಲ್ಲಿ, ಹಿಂದೂ ಮಹಾಸಾಗರದಲ್ಲಿ ಉಂಗುಜಾ, ಪೆಂಬಾ ಎಂಬ ಎರಡು ದ್ವೀಪಗಳುಂಟು. ಇವೆರಡೂ ಕೂಡಿಯೇ ಜಾಂಜಿಬಾರ್. 1958ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 3 ಲಕ್ಷ. ಇಷ್ಟು ಚಿಕ್ಕ ನಾಡಿನ ಚುನಾವಣೆಗಳನ್ನು ನಾವು ಇಲ್ಲಿ ವಿವರಿಸಹೊರಟಿರುವುದಕ್ಕೆ ಕಾರಣವಿದೆ. ಮತಗಳನ್ನು ಎಣಿಸುವುದು ಬೇರೆ, ಸ್ಥಾನಗಳನ್ನು ಎಣಿಸುವುದು ಬೇರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಚರಿತ್ರೆ ವಿರಳ.

ಹತ್ತೊಂಬತ್ತನೆಯ ಶತಮಾನದಲ್ಲಿ ಒಮಾನಿನ ಅರಬ್ಬೀ ಸುಲ್ತಾನರು ತಮ್ಮ ರಾಜಧಾನಿಯನ್ನು ಇಲ್ಲಿಗೆ ತಂದರು. ಅರಬ್ಬರ ಲವಂಗದ ತೋಟಗಳಲ್ಲಿ ದುಡಿದವರು ಆಫ್ರಿಕದ ಒಳನಾಡಿನಿಂದ ಹಿಡಿದು ತಂದ ಗುಲಾಮರು. 1873ರಲ್ಲಿ ಗುಲಾಮರ ಸಂತೆ ಮುಚ್ಚಿತು. 1890ರಲ್ಲಿ ನಾಡು ಬ್ರಿಟಿಷರ ರಕ್ಷಣೆಗೆ ಒಳಪಟ್ಟಿತು. 1897ರಲ್ಲಿ ಗುಲಾಮಗಿರಿಯ ಕಾಯಿದೆಬದ್ಧ ಸ್ಥಾನವೂ ಹೋಯಿತು. ಆದರೆ ಅದರ ನೆನಪು ಹೋಗಲಿಲ್ಲ. ಭೂಮಿ ಬಹುಮಟ್ಟಿಗೆ ಅರಬ್ಬರ ಕೈಯಲ್ಲಿ, ವ್ಯಾಪಾರ ಬಹುಮಟ್ಟಿಗೆ ಭಾರತೀಯರ ಕೈಯಲ್ಲಿ, ದುಡಿಮೆ ಆಫ್ರಿಕದವರ ಪಾಲಿಗೆ ಎಂಬಂತಾಯಿತು. ಇವರಲ್ಲದೆ, ಪರ್ಷಿಯಾದ ಶಿರಾಜಿನಿಂದ ಬಂದವರ ಸಂತತಿಯೆಂದು ಹೇಳಿಕೊಳ್ಳುವ, ಶಿರಾಜಿಗಳೆಂಬ ಹಳೆಯ ನಿವಾಸಿಗಳೂ ಇದ್ದರು. ದ್ವೀಪಗಳ ಜನರಲ್ಲಿ ಬಹುಪಾಲು ಮುಸಲ್ಮಾನರು. ಬಹುಪಾಲು ಜನರ ಮಾತು ಸ್ವಾಹಿಲಿ. ಭಾಷೆಯೂ ಮತವೂ ಒಂದಾಗಿದ್ದರೂ ಮನಸ್ಸುಗಳು ಒಂದಾಗಿರಲಿಲ್ಲ.

1957ರಲ್ಲಿ ಮೊದಲ ಚುನಾವಣೆ ನಡೆಯಿತು. ಅದೇ ಹೊತ್ತಿಗೆ ಪಕ್ಷಗಳು ಬೆಳೆದುವು. ಅರಬ್ಬೀ ನಾಯಕರು ಮುಂದಾಳುಗಳಾಗಿದ್ದ ರಾಷ್ಟ್ರೀಯ ಪಕ್ಷ ಒಂದು. ಅದರ ಪ್ರಮುಖರು ಅಲಿ ಮುಹ್ಸಿನ್. ಅಬೇದ್ ಕರುಮೆಯವರ ನಾಯಕತ್ವದ ಆಫ್ರೋ-ಶಿರಾಜಿ ಪಕ್ಷ ಮತ್ತೊಂದು. 1959ರಲ್ಲಿ ಈ ಎರಡನೆಯ ಪಕ್ಷವು ಒಡೆದು, ಮುಹಮ್ಮದ್ ಶಾಂತೆಯವರ ಮುಂದಾಳುತನದಲ್ಲಿ ಜನಪಕ್ಷವೆಂಬುದು ಹುಟ್ಟಿತು. ಇದರ ಬೇರು ಪೆಂಬಾದಲ್ಲಿ. ಆ ದ್ವೀಪದಲ್ಲಿ ಶಿರಾಜಿಗಳಿಗೂ ಲವಂಗದ ತೋಟಗಳಿದ್ದುವು. ಆದುದರಿಂದ ಅರಬ್ಬರೊಡನೆ ಅವರ ಬಾಳುವೆ ಉಂಗುಜಾದಲ್ಲಿದ್ದಷ್ಟು ಕಹಿಯಾಗಿರಲಿಲ್ಲ. ಮುಂದಿನ ಮೈತ್ರಿಗಳ ಗುಟ್ಟು ಇಲ್ಲಿದೆ.

1961ರ ಜನವರಿಯಲ್ಲಿ 22 ಸ್ಥಾನಗಳಿಗೆ ಚುನಾವಣೆಯಾಯಿತು. ಆಫ್ರೋ-ಶಿರಾಜಿಗಳಿಗೆ 10, ರಾಷ್ಟ್ರೀಯ ಪಕ್ಷಕ್ಕೆ 9, ಜನಪಕ್ಷಕ್ಕೆ 3 ಸ್ಥಾನಗಳು ಬಂದುವು. ಪೆಂಬಾದ ಚಾಕೆ ಚಾಕೆ ಕ್ಷೇತ್ರದಲ್ಲಿ ಆಫ್ರೋ-ಶಿರಾಜಿ ಉಮೇದುವಾರನು ಗೆದ್ದುದು ಒಂದೇ ಒಂದು ಮತದಿಂದ! ಈಗ ಜನಪಕ್ಷದ ಮೂವರು ಎತ್ತ ವಾಲುವರೋ ಅತ್ತ ಸರಕಾರ. ಆದರೆ ಆ ಮೂವರೂ ಒಟ್ಟಾಗಿ ವಾಲಲಿಲ್ಲ. ಇಬ್ಬರು ರಾಷ್ಟ್ರೀಯ ಪಕ್ಷದ ಕಡೆಗೆ, ಒಬ್ಬರು ಆಫ್ರೋ-ಶಿರಾಜಿಗಳ ಕಡೆಗೆ ನಡೆದರು. ಎರಡು ಬದಿಗೂ 11. ತಕ್ಕಡಿ ಸಮವಾಗಿ ನಿಂತಿತು.

ಸಮಬಲ ಮತ್ತೆ ಬಾರದಿರಲೆಂದು ಇನ್ನೊಂದು ಕ್ಷೇತ್ರವನ್ನು ಸೇರಿಸಿ, ಅದೇ ಜೂನ್ ತಿಂಗಳಲ್ಲಿ 23 ಸ್ಥಾನಗಳಿಗೆ ಪುನಃ ಚುನಾವಣೆ ನಡೆಸಿದರು. ಈ ಸಲ ರಾಷ್ಟ್ರೀಯ ಪಕ್ಷವೂ ಜನಪಕ್ಷವೂ ಮೊದಲೇ ಒಪ್ಪಂದ ಮಾಡಿಕೊಂಡು, ಒಬ್ಬರ ಎದುರಿಗೆ ಇನ್ನೊಬ್ಬರು ನಿಲ್ಲಲಿಲ್ಲ. ಆಫ್ರೋ-ಶಿರಾಜಿಗಳಿಗೆ ಸುಮಾರು ಅರ್ಧದಷ್ಟು ಮತಗಳು ಬಿದ್ದರೂ ಸ್ಥಾನಗಳು 10 ಮಾತ್ರ. ಮಿತ್ರಪಕ್ಷಗಳಿಗೆ 10 ಮತ್ತು 3, ಒಟ್ಟು 13. ಚಿಕ್ಕ ಪಕ್ಷದ ಶಾಂತೆಯವರೇ ಮುಖ್ಯಮಂತ್ರಿಗಳಾದರು. ಮತದಾನದ ದಿನ ಹೊತ್ತಿದ ಗಲಭೆಗಳಲ್ಲಿ 68 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಅರಬ್ಬರು.

1963ರ ಜುಲೈ ತಿಂಗಳ ಲೆಕ್ಕವನ್ನು ವಿದ್ಯಾರ್ಥಿಗಳು ಹಲಗೆಯ ಮೇಲೆ ಬರೆದು ನೋಡಬೇಕು. ಒಟ್ಟು ಸ್ಥಾನಗಳು 31. ಆಫ್ರೋ-ಶಿರಾಜಿ ಪಕ್ಷಕ್ಕೆ ನೂರಕ್ಕೆ 54 ಮತಗಳು, 13 ಸ್ಥಾನಗಳು. ರಾಷ್ಟ್ರೀಯ ಪಕ್ಷಕ್ಕೆ ನೂರಕ್ಕೆ 30 ಮತಗಳು, 12 ಸ್ಥಾನಗಳು. ಜನಪಕ್ಷಕ್ಕೆ ನೂರಕ್ಕೆ 16 ಮತಗಳು, 6 ಸ್ಥಾನಗಳು. ನೂರಕ್ಕೆ 46 ಮತ ಪಡೆದವರಿಗೆ 18 ಸ್ಥಾನ; 54 ಪಡೆದವರಿಗೆ 13. ಇದು ಹೇಗೆ? ಆಫ್ರೋ-ಶಿರಾಜಿಗಳ ಮತಗಳು ಉಂಗುಜಾದ ಕೆಲವು ಕ್ಷೇತ್ರಗಳಲ್ಲಿ ರಾಶಿಬಿದ್ದಿದ್ದುವು. ಸಾವಿರ ಮತಗಳಿಂದ ಗೆದ್ದರೂ ಹತ್ತು ಮತಗಳಿಂದ ಗೆದ್ದರೂ ಸ್ಥಾನ ಒಂದೇ. ಕ್ಷೇತ್ರದ ಗೆರೆ ಎಲ್ಲಿ ಹಾಯುವುದೋ ಅದರ ಮೇಲೆ ಮತದ ಬೆಲೆ ನಿಲ್ಲುತ್ತದೆ. ಗಡಿನಾಡಿನಲ್ಲಿ ಬಾಳುವ ನಮಗೆ ಗೆರೆಯ ಬೆಲೆ ಏನೆಂಬುದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ನ್ಯಾಯವಾಗಿ ಹೇಳುವುದಾದರೆ, ಈ ಸಂಮಿಶ್ರ ಸರಕಾರವು ನಿಯಮವನ್ನು ಮುರಿದು ಬಂದುದಲ್ಲ. ಸಭೆಯಲ್ಲಿ ಅದಕ್ಕೆ ಬಹುಮತವಿದ್ದಿತು. ಕೊರತೆ ಬೇರೆಡೆಯಲ್ಲಿದ್ದಿತು. ಅರ್ಧಕ್ಕಿಂತ ಹೆಚ್ಚು ಮತದಾರರು ಆರಿಸಿದ ಪಕ್ಷಕ್ಕೆ ಆಳ್ವಿಕೆಯಲ್ಲಿ ಯಾವ ಪಾಲೂ ದೊರೆಯಲಿಲ್ಲ. 1963ರ ಡಿಸೆಂಬರ್ 10ರಂದು ಸ್ವಾತಂತ್ರ್ಯ ಬಂದಾಗ, ವೈರವನ್ನು ತಣಿಸುವ ಬದಲು ಸರಕಾರವು ಬಿಗಿಯಾಯಿತು. ಒಳನಾಡಿನಿಂದ ಬಂದಿದ್ದ ಪೋಲೀಸರನ್ನು ಕೆಲಸದಿಂದ ತೆಗೆಯಿತು; ಉಮ್ಮಾ ಎಂಬ ಹೊಸ ಪಕ್ಷವನ್ನು ನಿಷೇಧಿಸಿತು.

1964ರ ಜನವರಿ 12ರಂದು ಕ್ರಾಂತಿ ಸ್ಫೋಟಿಸಿತು. ಕೆಲಸ ಕಳೆದುಕೊಂಡ ಪೋಲೀಸರೂ ಅದರಲ್ಲಿ ಸೇರಿದ್ದರು. ಸ್ವತಂತ್ರ ಸರಕಾರದ ಆಯುಷ್ಯ ಒಂದು ತಿಂಗಳು ಮಾತ್ರ. ಸುಲ್ತಾನ ಜಮ್ಶಿದರು ಹಡಗೇರಿ ಹೋದರು. ಸಾವಿರಾರು ಜನ ಹತರಾದರು. ಹೆಚ್ಚಿನವರು ಅರಬ್ಬರು, ಭಾರತೀಯರೂ ಉಂಟು. ಮತಪತ್ರ ಕೊಡದ ಅಧಿಕಾರವನ್ನು ಆಯುಧ ಕೊಟ್ಟಿತೆಂದು ಹೇಳುವುದು ಸುಲಭ. ಆದರೆ ನಿರಪರಾಧಿಗಳ ಕೊಲೆಗೆ ಯಾವ ಲೆಕ್ಕದ ಅನ್ಯಾಯವೂ ಸಮರ್ಥನೆಯಾಗಲಾರದು. ಮೇಲಾಗಿ, ಗೆದ್ದವರೂ ಅಧಿಕಾರವನ್ನು ಹಂಚಿಕೊಳ್ಳಲಿಲ್ಲ; ಒಂದೇ ಪಕ್ಷದ ಆಳ್ವಿಕೆ ನೆಲೆಗೊಂಡಿತು. ಅದೇ ಏಪ್ರಿಲ್ 26ರಂದು ಜಾಂಜಿಬಾರವು ಟಾಂಗನೀಕದೊಡನೆ ಕೂಡಿತು. ಈ ಒಕ್ಕೂಟವೇ ಟಾಂಜಾನಿಯ.

ಹಲವು ಪಕ್ಷಗಳ ಚುನಾವಣೆ ಮರಳಿ ಬಂದುದು 1995ರಲ್ಲಿ. ಅಧ್ಯಕ್ಷಪದವಿಗೆ ಸಲ್ಮಿನ್ ಅಮೂರರು ನೂರಕ್ಕೆ 50.2, ಸೈಫ್ ಶರೀಫ್ ಹಮಾದರು 49.8 ಮತ ಪಡೆದರೆಂದು ಸಾರಲಾಯಿತು. ಹಳೆಯ ತಕ್ಕಡಿಯೇ ಪುನಃ ಕಾಣಿಸಿಕೊಂಡಿತು. ಕಲಹವೂ ಪುನಃ ಬಂದಿತು. ಕಡೆಗೆ 2010ರ ಜುಲೈ 31ರಂದು ಜನಮತ ಕೇಳಲಾಗಿ, ನೂರಕ್ಕೆ 66 ಜನ ಕೂಡಿ ಆಳುವ ಏರ್ಪಾಡನ್ನು ಒಪ್ಪಿದರು. ಇದರಂತೆ ಎರಡನೆಯ ಸ್ಥಾನ ಪಡೆದ ಪಕ್ಷಕ್ಕೆ ಪ್ರಥಮ ಉಪಾಧ್ಯಕ್ಷ ಪದವಿಯೂ ಮಂತ್ರಿಮಂಡಲದಲ್ಲಿ ಪಾಲೂ ದೊರೆಯಬೇಕು. 1963ರಲ್ಲಿ ಸ್ವಇಚ್ಛೆಯಿಂದ ಆಗದಿದ್ದುದು 47 ವರ್ಷಗಳ ಮೇಲೆ ರಾಜ್ಯಾಂಗದ ವಿಧಿಯಾಯಿತು.

ವಿಧಿಯೊಂದೇ ಸಾಲದೆಂಬುದೂ ಬೇಗನೆ ತಿಳಿಯಿತು. 2015ರ ಚುನಾವಣೆಯನ್ನು ರದ್ದುಗೊಳಿಸಿದಾಗ, 2016ರ ಮರುಚುನಾವಣೆಯನ್ನು ವಿರೋಧಪಕ್ಷ ಬಹಿಷ್ಕರಿಸಿತು. ಕೂಡಿ ಆಳುವುದು ನಿಂತಿತು. 2020ರ ಡಿಸೆಂಬರಿನಲ್ಲಿ ಸೈಫ್ ಶರೀಫರು ಉಪಾಧ್ಯಕ್ಷ ಪದವಿಯನ್ನು ಪುನಃ ವಹಿಸಿದರು. 2021ರ ಫೆಬ್ರವರಿಯಲ್ಲಿ ತೀರಿಕೊಂಡರು.

ಪಾಠಶಾಲೆಯಲ್ಲಿ ನಾವು ಪ್ರಜಾಪ್ರಭುತ್ವವೆಂದರೆ ಬಹುಮತದ ಆಳ್ವಿಕೆಯೆಂದು ಒಂದೇ ವಾಕ್ಯದಲ್ಲಿ ಬೋಧಿಸುತ್ತೇವೆ. ಜಾಂಜಿಬಾರದ ಚರಿತ್ರೆಯನ್ನು ಓದಿದ ಬಳಿಕ, ಯಾವುದರ ಬಹುಮತ, ಸೋತವರಿಗೆ ಏನು ಉಳಿಯಿತು ಎಂಬ ಎರಡು ಪ್ರಶ್ನೆಗಳನ್ನೂ ಅದರೊಡನೆ ಕೇಳಿಸುವುದು ಒಳ್ಳೆಯದು. ಉತ್ತರವನ್ನು ಮಕ್ಕಳೇ ಲೆಕ್ಕ ಮಾಡಿ ಕಂಡುಕೊಳ್ಳಲಿ.