ವ್ಯಸನಮುಕ್ತಿ ಕೇಂದ್ರದ ಕೆಲಸಗಾರರಿಗೆ ತರಬೇತಿ: ಸಾಂಗಲಿ-ಮಿರಜ ಭಾಗದವರು ತಿಳಿದಿರಬೇಕಾದ ಮಾಹಿತಿ

ಸಾಂಗಲಿ: ಮನೆಯಲ್ಲಿ ಯಾರಾದರೂ ಕುಡಿತದ ಚಟಕ್ಕೆ ಬಿದ್ದರೆ ಜತ್ತ, ಕವಠೇಮಹಾಂಕಾಳ, ಮಿರಜ ತಾಲೂಕುಗಳ ಹಳ್ಳಿಗಳ ಜನ ಮೊದಲು ನೋಡುವುದು ಮಿರಜದ ಕಡೆಗೆ. ಗಡಿಯಾಚೆಯ ಅಥಣಿ, ಕಾಗವಾಡ, ರಾಯಬಾಗದವರಿಗೂ ಮಿರಜವೇ ಹತ್ತಿರ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು ಇಲ್ಲಿ ಮಿಷನ್ ಆಸ್ಪತ್ರೆ ಆರಂಭಿಸಿದ ಕಾಲದಿಂದಲೂ ಗಡಿಭಾಗದ ಜನರಿಗೆ ಈ ಊರಿನ ವೈದ್ಯರ ಮೇಲೆ ನಂಬಿಕೆ ಇದೆ.

ರೋಗಿಯನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವಾಗ ಮನೆಯವರು ಕೇಳುವ ಪ್ರಶ್ನೆಗಳು ಎರಡೇ: ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಎಷ್ಟು ಹಣ ಆಗುತ್ತದೆ? ಒಳಗೆ ಹಗಲೂ ರಾತ್ರಿ ರೋಗಿಯನ್ನು ನೋಡಿಕೊಳ್ಳುವವರು ಏನು ಕಲಿತವರು ಎಂದು ಕೇಳುವವರು ಕಡಿಮೆ. ರೋಗಿಯ ಜೀವ ಉಳಿಯುವುದು, ಚಟ ಬಿಡುವುದು ಬಹುಮಟ್ಟಿಗೆ ಈ ಮೂರನೆಯ ಪ್ರಶ್ನೆಯ ಉತ್ತರದ ಮೇಲೆಯೇ ನಿಂತಿದೆ. ಈ ಕೆಲಸಕ್ಕೆ ಬೇಕಾದ ತರಬೇತಿ ಯಾವುದು, ಅದು ಎಲ್ಲಿ ಸಿಗುತ್ತದೆ ಎಂಬ ವಿವರ ಇಲ್ಲಿದೆ.

ತರಬೇತಿ ಯಾಕೆ ಬೇಕು?

ವರ್ಷಗಟ್ಟಲೆ ದಿನವೂ ಕುಡಿಯುವವನು ಒಮ್ಮೆಲೇ ಕುಡಿತ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ನಿದ್ರೆ ಇಲ್ಲದಿರುವುದು ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ ಅಥವಾ ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ದಿಕ್ಕು ತಪ್ಪುತ್ತದೆ. ಇಲ್ಲದ ಹುಳ, ಹಾವು ಕಾಣುತ್ತವೆ, ಮನೆಯವರ ಗುರುತೇ ಸಿಗುವುದಿಲ್ಲ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಸಾವು ಸಂಭವಿಸಬಹುದು.

ಇದು ವ್ಯಸನಮುಕ್ತಿ ಕೇಂದ್ರದಲ್ಲಿ ಮಾತ್ರ ಆಗುವ ಸಂಗತಿಯಲ್ಲ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವನು ಆಸ್ಪತ್ರೆಗೆ ಸೇರುತ್ತಾನೆ. ಅವನು ದಿನವೂ ಕುಡಿಯುತ್ತಾನೆ ಎಂಬುದನ್ನು ಮನೆಯವರು ನಾಚಿಕೆಯಿಂದ ಹೇಳುವುದಿಲ್ಲ, ಅಲ್ಲಿಯವರೂ ಕೇಳುವುದಿಲ್ಲ. ಮೂರನೆಯ ರಾತ್ರಿ ಅವನು ಸಲೈನ್ ಕಿತ್ತುಹಾಕಿ ಓಡಲು ನೋಡುತ್ತಾನೆ. ತರಬೇತಿ ಇಲ್ಲದವರು "ಹುಚ್ಚು ಹಿಡಿದಿದೆ" ಎನ್ನುತ್ತಾರೆ, "ದೆವ್ವ ಬಡಿದಿದೆ" ಎನ್ನುವವರೂ ಇದ್ದಾರೆ. ತರಬೇತಿ ಪಡೆದ ನರ್ಸ್ ಮೊದಲ ದಿನವೇ "ಕಡೆಯ ಸಲ ಕುಡಿದದ್ದು ಯಾವಾಗ?" ಎಂದು ಕೇಳಿರುತ್ತಾಳೆ.

ಕೆಲವು ತಪ್ಪುಗಳು ಪದೇ ಪದೇ ಆಗುತ್ತವೆ. ಸೊರಗಿದ ಕುಡುಕನಿಗೆ ವಿಟಮಿನ್ ಬಿ-1 ಅಂದರೆ ಥಯಮಿನ್ ಕೊಡದೆ ಗ್ಲೂಕೋಸ್ ಏರಿಸುವುದು ಅವುಗಳಲ್ಲಿ ಒಂದು. ಇದರಿಂದ ಮೆದುಳಿಗೆ ಕಾಯಂ ಹಾನಿಯಾಗಬಹುದು. ಇನ್ನೊಂದು, ಹಳ್ಳಿಗಳಲ್ಲಿ ಬಹಳ ನಡೆಯುವಂಥದ್ದು: ಡೈಸಲ್ಫಿರಾಂ ಮಾತ್ರೆಯನ್ನು ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡುವುದು. ಈ ಮಾತ್ರೆ ತೆಗೆದುಕೊಂಡವನು ಕುಡಿದರೆ ವಾಂತಿ, ಎದೆಬಡಿತವಾಗಿ ರಕ್ತದೊತ್ತಡ ಕುಸಿಯಬಹುದು. ರೋಗಿಗೆ ಗೊತ್ತಿದ್ದು, ಅವನ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ ಮಾತ್ರ ಇದನ್ನು ಕೊಡಬೇಕು.

ಕೊರತೆ ಎಷ್ಟಿದೆ?

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಮದ್ಯದ ತೊಂದರೆಗೆ ಸಹಾಯ ಬೇಕಾದವರು ಸುಮಾರು 5.7 ಕೋಟಿ. ಮದ್ಯಕ್ಕೆ ಅಂಟಿಕೊಂಡ ಪ್ರತಿ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಯಲ್ಲಿದ್ದು ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು.

ಸಾಂಗಲಿ ಜಿಲ್ಲೆಯಲ್ಲಿ ಮದ್ಯದ ಜೊತೆಗೆ ಹೊಸ ಚಿಂತೆಯೂ ಸೇರಿದೆ. 2024ರ ಫೆಬ್ರವರಿಯಲ್ಲಿ ಪುಣೆ ಪೊಲೀಸರು ಕುಪವಾಡದಲ್ಲಿ, ಮಾರ್ಚ್‌ನಲ್ಲಿ ಮುಂಬೈ ಪೊಲೀಸರು ಕವಠೇಮಹಾಂಕಾಳ ತಾಲೂಕಿನ ಇರಳಿಯಲ್ಲಿ ಎಂ.ಡಿ. ಎಂದು ಕರೆಯುವ ಮೆಫೆಡ್ರೋನ್ ಅನ್ನು ತಲಾ 100 ಕಿಲೋಗೂ ಹೆಚ್ಚು ವಶಪಡಿಸಿಕೊಂಡರು. ಎಂ.ಡಿ. ಬಿಟ್ಟಾಗ ಮದ್ಯದಂತೆ ಕೈ ನಡುಗುವುದಿಲ್ಲ. ಮನಸ್ಸು ಕುಸಿಯುತ್ತದೆ, ಆತ್ಮಹತ್ಯೆಯ ಯೋಚನೆ ಬರಬಹುದು. ಕುಡಿತದ ರೋಗಿಗಳನ್ನಷ್ಟೇ ನೋಡಿ ಅನುಭವ ಇರುವವರಿಗೆ ಈ ಲಕ್ಷಣಗಳು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಹಳೆಯ ಕೆಲಸಗಾರರಿಗೂ ಮರುತರಬೇತಿ ಬೇಕು.

ಯಾರು ಏನು ಕಲಿಯಬೇಕು?

ವೈದ್ಯರು: ಎಂ.ಬಿ.ಬಿ.ಎಸ್. ಓದಿನಲ್ಲಿ ಮನೋವೈದ್ಯ ವಿಷಯಕ್ಕೆ ಸಿಗುವುದು ಕೆಲವೇ ವಾರ. ಚಟ ಬಿಡಿಸುವ ಔಷಧಗಳ ಪ್ರಮಾಣ, ಲಿವರ್ ಕೆಟ್ಟವರಿಗೆ ಯಾವ ಔಷಧ ಸೂಕ್ತ, ಯಾವಾಗ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂಬುದನ್ನು ಪ್ರತ್ಯೇಕವಾಗಿ ಕಲಿಯಬೇಕಾಗುತ್ತದೆ.

ನರ್ಸ್‌ಗಳು: ನಡುಕ, ಬೆವರು, ಗಾಬರಿ, ಗೊಂದಲಗಳಿಗೆ ಅಂಕ ಕೊಟ್ಟು ಗಂಟೆಗಳ ಲೆಕ್ಕದಲ್ಲಿ ಬರೆದಿಡುವುದನ್ನು ಕಲಿಯಬೇಕು. ಅಂಕ ಏರಿದರೆ ವೈದ್ಯರನ್ನು ಎಬ್ಬಿಸಬೇಕು.

ಆಪ್ತ ಸಮಾಲೋಚಕರು: ಮರಾಠಿಯಲ್ಲಿ ಇವರನ್ನು ಸಮುಪದೇಶಕ ಎನ್ನುತ್ತಾರೆ. ಸಮಾಜಕಾರ್ಯ ಅಥವಾ ಮನಶ್ಶಾಸ್ತ್ರ ಓದಿದವರು ಈ ಕೆಲಸಕ್ಕೆ ಬರುವುದು ರೂಢಿ. ಬುದ್ಧಿ ಹೇಳುವುದು ಇವರ ಕೆಲಸವಲ್ಲ, ಕೇಳುವುದು.

ಚಟದಿಂದ ಹೊರಬಂದವರು: ಅನೇಕ ಕೇಂದ್ರಗಳು ಇವರ ಮೇಲೆಯೇ ನಡೆಯುತ್ತವೆ. ರೋಗಿಯ ಸುಳ್ಳು ಇವರಿಗೆ ಬೇಗ ತಿಳಿಯುತ್ತದೆ, ಅವನ ನೋವು ಕೂಡ. ಆದರೆ "ನಾನು ಹೀಗೆ ಬಿಟ್ಟೆ, ನೀನೂ ಹೀಗೇ ಬಿಡು" ಎಂಬ ಹಟ ಬರುವ ಅಪಾಯ ಇದೆ. ದಿನವೂ ರೋಗಿಗಳ ನಡುವೆ ಇರುವುದರಿಂದ ಇವರಲ್ಲಿಯೇ ತಲಬು ಮರುಕಳಿಸಬಹುದು. ಆದ್ದರಿಂದ ಇವರಿಗೆ ತರಬೇತಿ ಎಷ್ಟು ಮುಖ್ಯವೋ ಆಸರೆಯೂ ಅಷ್ಟೇ ಮುಖ್ಯ.

ವಾರ್ಡ್ ಸಹಾಯಕರು: ರಾತ್ರಿ ರೋಗಿಯ ಹತ್ತಿರ ಇರುವವರು ಇವರೇ. ಹೊಡೆಯದೆ, ಕಟ್ಟದೆ ರೇಗಿದವನನ್ನು ಶಾಂತಗೊಳಿಸುವುದು, ಫಿಟ್ಸ್ ಬಂದಾಗ ಮಗ್ಗುಲಾಗಿ ಮಲಗಿಸುವುದು ಇವರಿಗೆ ಗೊತ್ತಿರಲೇಬೇಕು.

ಎಲ್ಲೆಲ್ಲಿ ಕಲಿಯಬಹುದು?

ಮಿರಜ: 1962ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಗಳು ಮಿರಜ ಮತ್ತು ಸಾಂಗಲಿ ಎರಡೂ ಊರುಗಳಲ್ಲಿವೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಇದು ಮೊದಲ ಮೆಟ್ಟಿಲು.

ಪುಣೆ: ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಮರಾಠಿ ಬಲ್ಲವರಿಗೆಲ್ಲ ಪರಿಚಿತ ಹೆಸರು. ಪುಣೆಯ ಹುಡುಗರಲ್ಲಿ ಗರ್ದ್ ಅಂದರೆ ಬ್ರೌನ್ ಶುಗರ್ ಹಾವಳಿ ಹಬ್ಬಿದಾಗ ಲೇಖಕ ಡಾ. ಅನಿಲ ಅವಚಟ ಅದರ ಬಗ್ಗೆ ಬರೆದರು. ಅದನ್ನು ಓದಿ ಕಲಕಿದ ಪು. ಲ. ದೇಶಪಾಂಡೆ ಮತ್ತು ಸುನೀತಾಬಾಯಿ ನೆರವು ನೀಡಿದರು. 1986ರ ಆಗಸ್ಟ್ 29ರಂದು ಡಾ. ಅನಿತಾ ಅವಚಟ ಅವರ ನೇತೃತ್ವದಲ್ಲಿ ಕೇಂದ್ರ ಆರಂಭವಾಯಿತು. ಪಶ್ಚಿಮ ಭಾರತದ ಪ್ರಾದೇಶಿಕ ತರಬೇತಿ ಕೇಂದ್ರವಾಗಿ ಮುಕ್ತಾಂಗಣವು ಅನೇಕ ವರ್ಷ ಇತರ ಕೇಂದ್ರಗಳ ಸಿಬ್ಬಂದಿಯನ್ನು ತಯಾರು ಮಾಡಿದೆ. ಚಟದಿಂದ ಹೊರಬಂದವರನ್ನೇ ಕೆಲಸಗಾರರನ್ನಾಗಿ ರೂಪಿಸುವುದು, ರೋಗಿಗಳ ಹೆಂಡಂದಿರಿಗೆ 'ಸಹಚರಿ' ಎಂಬ ಆಸರೆ ಗುಂಪು ನಡೆಸುವುದು ಇಲ್ಲಿಯ ವಿಶೇಷ.

ಕೊಲ್ಹಾಪುರ ಮತ್ತು ಧಾರವಾಡ: ಸಮಾಲೋಚಕರಾಗಲು ಬಯಸುವ ಪದವೀಧರರಿಗೆ ಕೊಲ್ಹಾಪುರದ ಸೈಬರ್ ಸಂಸ್ಥೆಯಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್.ಡಬ್ಲ್ಯು. ಓದಬಹುದು. ಧಾರವಾಡದ ಡಿಮ್ಹಾನ್ಸ್ ಉತ್ತರ ಕರ್ನಾಟಕದ ಮುಖ್ಯ ಮಾನಸಿಕ ಆರೋಗ್ಯ ಸಂಸ್ಥೆ.

ಬೆಂಗಳೂರು: ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ದೇಶದ ದೊಡ್ಡ ಕೇಂದ್ರಗಳಲ್ಲೊಂದು. ಮನೋವೈದ್ಯರು ವ್ಯಸನ ವಿಷಯದಲ್ಲಿಯೇ ಡಿ.ಎಂ. ಪದವಿ ಪಡೆಯಬಹುದು. ದೂರದ ಊರಿನ ವೈದ್ಯರು, ಸಮಾಲೋಚಕರು ಇಂಟರ್‌ನೆಟ್ ಮೂಲಕ ತಜ್ಞರೊಂದಿಗೆ ರೋಗಿಗಳ ಬಗ್ಗೆ ಚರ್ಚಿಸುತ್ತ ಕಲಿಯುವ ಆನ್‌ಲೈನ್ ತರಬೇತಿಯನ್ನೂ ನಿಮ್ಹಾನ್ಸ್ ನಡೆಸುತ್ತ ಬಂದಿದೆ. ಮಿರಜದಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿಯ ಪ್ರಯಾಣ.

ಚೆನ್ನೈ ಮತ್ತು ಗಾಜಿಯಾಬಾದ್: ಪತಿಯನ್ನು ಕುಡಿತದಿಂದ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈಯಲ್ಲಿ ಟಿ.ಟಿ. ರಂಗನಾಥನ್ ಪ್ರತಿಷ್ಠಾನ ಆರಂಭಿಸಿದರು. ಇದರ ಆಸ್ಪತ್ರೆ ಸಮಾಲೋಚಕರ ತರಬೇತಿಗೆ ಹೆಸರಾಗಿದೆ. ಗಾಜಿಯಾಬಾದ್‌ನಲ್ಲಿರುವ ಏಮ್ಸ್‌ನ ರಾಷ್ಟ್ರೀಯ ಕೇಂದ್ರ ಸರಕಾರಿ ವೈದ್ಯರು, ನರ್ಸ್‌ಗಳಿಗೆ ಕೆಲವು ದಿನಗಳ ಕೋರ್ಸ್ ನಡೆಸುತ್ತದೆ.

ಅಂತಾರಾಷ್ಟ್ರೀಯ ಪ್ರಮಾಣಪತ್ರ: ಕೊಲಂಬೊ ಪ್ಲಾನ್ ಸಂಸ್ಥೆ ವ್ಯಸನ ಚಿಕಿತ್ಸೆಗಾಗಿ ಸಾರ್ವತ್ರಿಕ ಪಠ್ಯಕ್ರಮ ಸಿದ್ಧಪಡಿಸಿದೆ. ಇದನ್ನು ಓದಿ ಪರೀಕ್ಷೆ ಪಾಸಾದವರಿಗೆ ಹಂತಹಂತವಾಗಿ ಐ.ಸಿ.ಎ.ಪಿ. ಎಂಬ ಅರ್ಹತೆ ದೊರೆಯುತ್ತದೆ. ಭಾರತದ ಅನೇಕ ಸಮಾಲೋಚಕರು ಇದನ್ನು ಪಡೆದಿದ್ದಾರೆ.

ಪಾಠದಲ್ಲಿ ಏನಿರುತ್ತದೆ?

ಮೊದಲ ಪಾಠ, ವ್ಯಸನ ಒಂದು ಕಾಯಿಲೆ, ಗುಣದೋಷವಲ್ಲ ಎಂಬುದು. ಎರಡನೆಯದು ಪರೀಕ್ಷೆಯ ವಿಧಾನ. ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಎಂಬ 10 ಪ್ರಶ್ನೆಗಳ ಪಟ್ಟಿಯಿಂದ ಯಾರ ಕುಡಿತ ಯಾವ ಹಂತಕ್ಕೆ ಬಂದಿದೆ ಎಂದು ಕೆಲವೇ ನಿಮಿಷಗಳಲ್ಲಿ ಅಂದಾಜು ಮಾಡಬಹುದು.

ಮೂರನೆಯದು ಮಾತಿನ ಕಲೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟ ಪ್ರೇರಣಾ ಸಂದರ್ಶನ ವಿಧಾನ ಇಂದು ಎಲ್ಲ ಕಡೆ ಕಲಿಸಲಾಗುತ್ತಿದೆ. "ನಿನ್ನ ಹೆಂಡತಿ ಮಕ್ಕಳು ಬೀದಿಗೆ ಬಿದ್ದರು, ನಾಚಿಕೆ ಇಲ್ಲವೇ?" ಎಂದರೆ ರೋಗಿ ತನ್ನನ್ನು ಸಮರ್ಥಿಸಿಕೊಳ್ಳುತ್ತಾನೆ. "ಕುಡಿತದಿಂದ ನಿಮಗೆ ಏನು ಸಿಕ್ಕಿತು, ಏನು ಹೋಯಿತು?" ಎಂದು ಕೇಳಿದರೆ ಹೋದದ್ದನ್ನು ಅವನೇ ಎಣಿಸತೊಡಗುತ್ತಾನೆ. ಬಿಡಬೇಕೆಂಬ ಮಾತು ಅವನ ಬಾಯಿಂದಲೇ ಬರಬೇಕು.

ನಾಲ್ಕನೆಯದು ಮರುಕಳಿಕೆ ತಡೆಯುವುದು. ಕಬ್ಬಿನ ಬಿಲ್ ಬಂದ ದಿನ, ಜಾತ್ರೆ, ಮದುವೆಯ ವರಾತ, ಹಳೆಯ ಗೆಳೆಯನ ಫೋನ್ ಇವೆಲ್ಲ ಅಪಾಯದ ಹೊತ್ತುಗಳು. ಅವುಗಳನ್ನು ಮೊದಲೇ ಪಟ್ಟಿಮಾಡಿ ಉಪಾಯ ಯೋಚಿಸಿಡುವುದನ್ನು ಕಲಿಸುತ್ತಾರೆ. ಒಮ್ಮೆ ಮತ್ತೆ ಕುಡಿದರೆ ಎಲ್ಲ ಮುಗಿಯಿತು ಎಂದಲ್ಲ, ಚಿಕಿತ್ಸೆ ಮುಂದುವರಿಸಬೇಕು ಎಂದರ್ಥ.

ಭಾಷೆಯೂ ಚಿಕಿತ್ಸೆಯ ಭಾಗ

ಜತ್ತ ತಾಲೂಕಿನ ಉಮದಿ, ಸಂಖ ಭಾಗದ ರೈತ ಪೇಟೆಯಲ್ಲಿ ಮರಾಠಿ ಮಾತಾಡಿದರೂ ಮನಸ್ಸಿನ ಮಾತು ಹೊರಬರುವುದು ಕನ್ನಡದಲ್ಲಿ. ತರಬೇತಿಯ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿವೆ. ಮರಾಠಿಯಲ್ಲಿ ಕೇಳಿದ ಪ್ರಶ್ನೆಗೆ "ಹೋಯ್, ಹೋಯ್" ಎಂದು ತಲೆಯಾಡಿಸುವ ರೋಗಿಗೆ ಎಲ್ಲವೂ ಅರ್ಥವಾಗಿದೆ ಎಂದು ತಿಳಿಯಬಾರದು. ಮರಾಠಿಯ "ದಾರುಡ್ಯಾ", ಕನ್ನಡದ "ಕುಡುಕ" ಎರಡೂ ಮನಸ್ಸಿಗೆ ಚುಚ್ಚುವ ಪದಗಳು. ಕೇಂದ್ರದೊಳಗೆ ಇವನ್ನು ಬಳಸಬಾರದು ಎಂದು ತರಬೇತಿಯಲ್ಲಿ ಹೇಳುತ್ತಾರೆ. ಎರಡೂ ಭಾಷೆ ಬಲ್ಲ ಗಡಿಭಾಗದ ಯುವಕ ಯುವತಿಯರಿಗೆ ಈ ಕ್ಷೇತ್ರದಲ್ಲಿ ಸಹಜವಾದ ಅನುಕೂಲ ಇದೆ ಎಂಬುದು ಗಮನಾರ್ಹ.

ದೊಡ್ಡ ಪದವಿ ಇಲ್ಲದವರಿಗೂ ಇದರಲ್ಲಿ ಪಾತ್ರವಿದೆ. 1985ರಿಂದ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟರು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಕರ್ನಾಟಕದ ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಊರಿನವರೇ ದುಡಿಯುತ್ತಾರೆ. ಶಿಬಿರದ ನಂತರ ನವಜೀವನ ಸಮಿತಿಗಳು ಕುಡಿತ ಬಿಟ್ಟವರನ್ನು ಒಟ್ಟಿಗೆ ಇಡುತ್ತವೆ.

ಕಾಯಿದೆ ಏನು ಹೇಳುತ್ತದೆ?

ಮಾನಸಿಕ ಆರೋಗ್ಯ ಆರೈಕೆ ಕಾಯಿದೆ-2017 ರ ಪ್ರಕಾರ ಮದ್ಯ ಮತ್ತು ಮಾದಕ ದ್ರವ್ಯದಿಂದ ಬರುವ ಮಾನಸಿಕ ಸ್ಥಿತಿಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರುತ್ತವೆ. ಆದ್ದರಿಂದ ಇಂಥ ರೋಗಿಗಳನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರಗಳು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲಕ್ಕೆ 5,000ದಿಂದ 50,000 ರೂ. ವರೆಗೆ ದಂಡ ಇದೆ. ರೋಗಿಯನ್ನು ಸರಪಳಿಯಿಂದ ಕಟ್ಟುವುದು ಯಾವ ಕಾರಣಕ್ಕೂ ನಿಷಿದ್ಧ.

ಸೇರಿಸುವ ಮುನ್ನ ಕೇಳಿ

1. ಕೇಂದ್ರದ ನೋಂದಣಿ ಪತ್ರ ತೋರಿಸುತ್ತೀರಾ?
2. ಮನೋವೈದ್ಯರು ಯಾವ ದಿನ ಬರುತ್ತಾರೆ? ರಾತ್ರಿ ತೊಂದರೆಯಾದರೆ ಯಾರು ನೋಡುತ್ತಾರೆ?
3. ಮೊದಲ ಮೂರು ದಿನ ನರ್ಸ್ ಇರುತ್ತಾರೆಯೇ?
4. ಸಮಾಲೋಚಕರು ಎಲ್ಲಿ ಕಲಿತಿದ್ದಾರೆ? ಅವರಿಗೆ ಕನ್ನಡ ಬರುತ್ತದೆಯೇ?
5. ಮನೆಯವರು ಭೇಟಿಯಾಗಲು, ಫೋನ್ ಮಾಡಲು ಅವಕಾಶ ಇದೆಯೇ?
6. ಬಿಡುಗಡೆಯ ನಂತರ ಎಷ್ಟು ತಿಂಗಳು ವಿಚಾರಿಸುತ್ತೀರಿ?

ಒಳ್ಳೆಯ ಕೇಂದ್ರದವರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಉತ್ತರ ಕೊಡಲು ಹಿಂಜರಿಯುವಲ್ಲಿ ಮನೆಯವರು ಮತ್ತೊಮ್ಮೆ ಯೋಚಿಸುವುದು ಒಳ್ಳೆಯದು.

ಉಚಿತ ಸಹಾಯವಾಣಿ

ವ್ಯಸನಮುಕ್ತಿ ಕುರಿತ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416; ಇಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಮಾತಾಡಬಹುದು. ತಂಬಾಕು, ಗುಟ್ಕಾ, ಮಿಶ್ರಿ ಬಿಡಬೇಕೆನ್ನುವವರಿಗೆ 1800-11-2356. ದಿನವೂ ಕುಡಿಯುವವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸುವ ಬದಲು ಮೊದಲು ವೈದ್ಯರನ್ನು ಕಾಣಬೇಕು. ಕುಡಿತ ಬಿಟ್ಟ ಮೇಲೆ ನಡುಕ ಹೆಚ್ಚಾಗಿ ಮಾತು ತಡಬಡಿಸಿದರೆ, ಫಿಟ್ಸ್ ಬಂದರೆ ಬೆಳಗಾಗುವವರೆಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು.